ಲೆಕ್ಕದಕ್ಕ ಮತ್ತು ಹದಿನೆಂಟು ಸಾವಿರದ ನಾನೂರು

ನಮ್ಮ ಮರಗೆಲಸದ ಶೆಡ್ಡಿನಲ್ಲಿ ಎಂಟು ವರ್ಷದಿಂದ ಲೆಕ್ಕ ಬರೆಯುತ್ತಿರುವವರನ್ನು ಎಲ್ಲರೂ ಲೆಕ್ಕದಕ್ಕ ಅಂತಲೇ ಕರೆಯುತ್ತಾರೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ನಾನೂ ಅಕ್ಕ ಅನ್ನುತ್ತೇನೆ. ಮೊದಲು ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುತ್ತಿದ್ದರಂತೆ. ಗಂಡ ಬಸ್ ಡ್ರೈವರು, ಒಬ್ಬಳೇ ಮಗಳು. ಬೆಳಗ್ಗೆ ಒಂಬತ್ತಕ್ಕೆ ಬಂದು, ಕಂಪ್ಯೂಟರಿನ ಮೇಲಿನ ಮರದ ಹೊಟ್ಟು ಒರೆಸಿ ಕೂತರೆ ಊಟದ ಹೊತ್ತಿಗೇ ಏಳುವುದು.

ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಏನೂ ಇಲ್ಲ. ಕಾಗದ ಬರೆದ ಹಾಗೆ ಖಾಲಿ ಫೈಲಿನಲ್ಲಿ ಟೈಪ್ ಮಾಡುತ್ತಾರೆ. ಒಂದು ವ್ಯವಹಾರಕ್ಕೆ ಎರಡು ಸಾಲು: ದುಡ್ಡು ಎಲ್ಲಿಂದ ಹೊರಟಿತು, ಎಲ್ಲಿಗೆ ಸೇರಿತು. ಕೂಡಿಸುವುದು ಮಾತ್ರ ಯಂತ್ರದ ಕೆಲಸ. ಐದನೇ ಕ್ಲಾಸು ಓದಿದ ನನಗೂ ಅರ್ಥವಾಗುತ್ತದೆ ಅಂದರೆ ನೋಡಿ.

ಬ್ಯಾಂಕಿನಲ್ಲಿ ನಮ್ಮದು ಒಂದೇ ಖಾತೆ. ಅಕ್ಕನ ಫೈಲಿನಲ್ಲಿ ಅದರ ಹೊಟ್ಟೆಯೊಳಗೆ ಮೂರು: ಮರ, ಕೂಲಿ, ಶೆಡ್ಡಿಗೆ ನನ್ನ ಜೊತೆ ದುಡ್ಡು ಹಾಕಿದ ತಂಗಿಯ ಪಾಲು. "ದೊಡ್ಡ ಡಬ್ಬಿ ಒಳಗೆ ಮೂರು ಸಣ್ಣ ಡಬ್ಬಿ ಅಂದ್ಕೊಳ್ಳಿ. ಮರ ತರೋಕೆ ಅಂತ ಕೂಲಿ ಡಬ್ಬಿಗೆ ಕೈ ಹಾಕೋ ಹಾಗಿಲ್ಲ" ಅಂತ ಬಂದ ವಾರವೇ ಹೇಳಿದ್ದರು. ಅವತ್ತಿನಿಂದ ತಿಂಗಳ ಮೊದಲ ಶನಿವಾರದ ಬಟವಾಡೆ ಒಮ್ಮೆಯೂ ತಪ್ಪಿಲ್ಲ.

ಹೋದ ತಿಂಗಳ ಕೊನೆಯಲ್ಲಿ ಮಗಳಿಗೆ ಜ್ವರ ಅಂತ ಅಕ್ಕ ಮೂರು ದಿನ ರಜೆ ಹಾಕಿದರು. ಅದೇ ಹೊತ್ತಿಗೆ ಗಿರಾಕಿಯೊಬ್ಬ ಕಪಾಟು ಮಾಡಿಸಿಕೊಂಡಿದ್ದರ ದುಡ್ಡು ಹದಿನೆಂಟು ಸಾವಿರದ ನಾನೂರು ಬ್ಯಾಂಕಿಗೆ ಹಾಕಿದ. ಇದು ಕೂಲಿಗೆ ಆಯಿತು ಅಂದುಕೊಂಡು, ನಾನೇ ಒಂದು ಬೆರಳಲ್ಲಿ ಕುಟ್ಟಿ ಫೈಲಿಗೆ ಸೇರಿಸಿದೆ.

ಬಟವಾಡೆಯ ಹಿಂದಿನ ದಿನ ಅಕ್ಕ ಸಣ್ಣ ಡಬ್ಬಿಗಳ ಪಟ್ಟಿ ಪ್ರಿಂಟ್ ತೆಗೆದು ಕೊಟ್ಟರು. ಕೂಲಿಯಲ್ಲಿ ಅರವತ್ನಾಲ್ಕು ಸಾವಿರದ ನೂರು. ಬೇಕಿದ್ದುದು ಎಂಬತ್ತೆರಡೂವರೆ ಸಾವಿರ. ಕಮ್ಮಿ ಬಿದ್ದದ್ದು ಸರಿಯಾಗಿ ಹದಿನೆಂಟು ಸಾವಿರದ ನಾನೂರು! ನನಗೆ ಪಿತ್ತ ನೆತ್ತಿಗೇರಿತು.

"ನಾನೇ ಕೈಯಾರೆ ಬರೆದ ದುಡ್ಡು ಎಲ್ಲಿ ಹೋಯ್ತು? ಆವಿಯಾಗಿ ಹೋಯ್ತಾ? ಆಮೇಲೆ ಫೈಲು ಮುಟ್ಟಿದ್ದು ನೀವೊಬ್ರೇ!" ಅಂತ ಐದು ಜನ ಬಡಗಿಗಳ ಎದುರಿಗೇ ಕೂಗಿದೆ. "ಸಂಜೆಯೊಳಗೆ ಲೆಕ್ಕ ಸಿಗಬೇಕು. ಇಲ್ಲ, ನಾಳೆಯಿಂದ ಬರಬೇಡಿ."

ಅಕ್ಕನ ಮುಖ ಕಪ್ಪಿಟ್ಟಿತು. "ಕಳ್ಳಿ ಅಂತ ಇಲ್ಲಿಂದ ಕಳಿಸಿದ್ರೆ ಇನ್ಯಾರು ನನ್ನನ್ನ ಗಲ್ಲಾಪೆಟ್ಟಿಗೆ ಹತ್ರ ಬಿಡ್ತಾರೆ?"

"ಕಳ್ಳಿ ಅಂತ ನಾನೆಲ್ಲಿ ಅಂದೆ?"

"ಮತ್ತೇನು, ಶಾಲು ಹೊದಿಸಿ ಸನ್ಮಾನ ಮಾಡಿದ್ರಾ?"

ಬಡಗಿಗಳಲ್ಲಿ ಹಿರಿಯನಾದ ಮೇಸ್ತ್ರಿ ಕಿಸಕ್ಕನೆ ನಕ್ಕ. ನಾನು ದುರುಗುಟ್ಟಿದ ಮೇಲೆ ಉಳಿಯ ಕಡೆ ನೋಡಿದ.

ಅಕ್ಕ ಅವತ್ತು ಊಟಕ್ಕೂ ಏಳಲಿಲ್ಲ. ಮೊದಲು ಬ್ಯಾಂಕಿನ ಪಟ್ಟಿ ತೆಗೆದರು: ಎರಡು ಲಕ್ಷದ ಮೂವತ್ತಾರೂವರೆ ಸಾವಿರ. ಫೈಲಿನ ದೊಡ್ಡ ಡಬ್ಬಿಯ ಮೊತ್ತವೂ ಅಷ್ಟೇ. ಆಮೇಲೆ ಸಣ್ಣ ಡಬ್ಬಿಗಳನ್ನು ಕೂಡಿಸಿದರು: ಮರ 1,12,000, ಕೂಲಿ 64,100, ತಂಗಿಯ ಪಾಲು 42,000. ಒಟ್ಟು 2,18,100.

"ಬನ್ನಿ ಇಲ್ಲಿ" ಅಂದರು. "ದುಡ್ಡು ಬ್ಯಾಂಕಲ್ಲೇ ಇದೆ. ದೊಡ್ಡ ಡಬ್ಬಿ ತಳದಲ್ಲಿ ಬಿದ್ದಿದೆ, ಯಾವ ಸಣ್ಣ ಡಬ್ಬಿಗೂ ಹೋಗಿಲ್ಲ. ಈ ಸಾಲು ಬರೆದಿದ್ದು ಯಾರು?"

'ಬ್ಯಾಂಕು:ಕೂಲಿ' ಅಂತ ಇರಬೇಕಾದ ಕಡೆ ಬರೀ 'ಬ್ಯಾಂಕು' ಅಂತ ಇತ್ತು. ತಾರೀಖು ಅವರ ರಜೆಯದು. ಬ್ಯಾಂಕು ಅಂತ ಬರೆದು, ಕೂಲಿ ಅನ್ನುವುದನ್ನು ಮನಸ್ಸಿನಲ್ಲೇ ಇಟ್ಟುಕೊಂಡವನು ನಾನು.

"ನಂದೂ ತಪ್ಪಿದೆ. ದೊಡ್ಡ ಡಬ್ಬಿ ಬ್ಯಾಂಕಿಗೆ ತಾಳೆ ಆಯ್ತು ಅಂತ ಸುಮ್ನಾದೆ. ಒಳಗಿನ ಮೂರೂ ಸೇರಿ ಅಷ್ಟಾಗುತ್ತಾ ಅಂತ ನೋಡ್ಲಿಲ್ಲ" ಅಂದವರೇ ಸಾಲು ತಿದ್ದಿದರು. ಕೂಲಿ ಎಂಬತ್ತೆರಡೂವರೆ ಸಾವಿರಕ್ಕೆ ಬಂತು. ಇನ್ನು ಮುಂದೆ ಒಳಗಿನದೂ ಹೊರಗಿನದೂ ಸಮವಾಗದಿದ್ದರೆ ಯಂತ್ರ ಅಲ್ಲೇ ತಗಾದೆ ತೆಗೆಯುವ ಹಾಗೆ ಏನೋ ಬರೆದು ಸೇರಿಸಿದರು. ಆಮೇಲೆ ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು.

"ಎಲ್ಲಿಗೆ? ಲೆಕ್ಕ ಸಿಕ್ತಲ್ಲ."

"ನಿಮಗೆ ಸಿಕ್ತು. ಅಲ್ಲಿರೋ ಐದು ಜನಕ್ಕೆ ಸಿಕ್ಕಿಲ್ಲ."

ನಾನು ಹೋಗಿ ಗರಗಸದ ಮಶೀನು ಆರಿಸಿದೆ. "ಕೇಳ್ರಪ್ಪಾ, ದುಡ್ಡು ಎಲ್ಲೂ ಹೋಗಿಲ್ಲ. ನಾನೇ ತಪ್ಪು ಬರೆದು ಅಕ್ಕನ ಮೇಲೆ ಹಾಕ್ದೆ. ಅಕ್ಕನ ಕೈ ಕ್ಲೀನು."

"ಅಣ್ಣಾ, ಕೊನೇದು ಕೇಳಿಸ್ಲಿಲ್ಲ, ಇನ್ನೊಂದ್ಸಲ" ಅಂದ ಮೇಸ್ತ್ರಿ.

ಬಡ್ಡಿಮಗನಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಹೇಳಿದೆ, ಮೊದಲಿಗಿಂತ ಗಟ್ಟಿಯಾಗಿ.

ಅಕ್ಕ ಚೀಲ ಇಳಿಸಿ, ಬಟವಾಡೆಯ ಲಕೋಟೆಗಳ ಮೇಲೆ ಹೆಸರು ಬರೆಯಲು ಕೂತರು.