ನೀರಿನ ಟ್ಯೂಬಿನಲ್ಲಿ ತಿವಾರೀಜಿ

ಗೆಳೆಯರೇ, ಇವತ್ತು ಕಾಶಿಯ ನಮ್ಮ ಲ್ಯಾಬಿನಲ್ಲಿ, ಪರೀಕ್ಷೆ ಕಲಬೆರಕೆಯಾಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಇಡುವ, ಬರೀ ನೀರಿರಬೇಕಾದ ಟ್ಯೂಬಿನಲ್ಲಿ ಮನುಷ್ಯನ ಡಿಎನ್ಎ ಸಿಕ್ಕಿತು. ಪಿಸಿಆರ್ ಯಂತ್ರ ಕಾಯಿಸಿ, ತಣಿಸಿ, ಡಿಎನ್ಎಯ ಒಂದು ಎಳೆಯನ್ನು ನಕಲಿಸಿ ಕೋಟಿ ಮಾಡುತ್ತದೆ, ಯಾರದೆಂದು ಕೇಳುವುದಿಲ್ಲ.

"ಎಲ್ಲಾ ಮತ್ತ ಮಾಡ್ಬೇಕಲ್ರೀ ಸರ್! ನಾಳಿ ರೈಲು ತಪ್ಪಿದ್ರ ಅಕ್ಕನ ಮದುವಿಗೆ ಹೆಂಗ ಹೋಗ್ಲಿ?" ಎಂದಳು ನನ್ನ ವಿದ್ಯಾರ್ಥಿನಿ, ಧಾರವಾಡದ ಶೈಲಾ.

ಟ್ಯೂಬು ತುಂಬಿದವರು ಸಹಾಯಕ ತಿವಾರೀಜಿ. "ಪಾನ್ ಜಗಿಯುತ್ತಾ ಟ್ಯೂಬಿನ ಮೇಲೆ ಮಾತಾಡಿ ಎಂಜಲು ಹಾರಿಸಿದಿರಾ?" ಎಂದು ಹಿಂದಿಯಲ್ಲಿ ಕೇಳಿದೆ. ಅವರು ಗದ್ದ ಮೇಲೆತ್ತಿ, ತುಟಿ ಬಿಗಿಹಿಡಿದು, "ಉಂಹೂಂ" ಎಂದರು.

"ಬಾಯಿ ತೆರೆಯಿರಿ."

"ಕಸಮ್ ಸೇ ಸಾಹಬ್, ಹಮ್ ಪಾನ್ ಖಾತೇ ಹೀ ನಹೀಂ!"

ಪಾನ್ ತಿನ್ನುವುದೇ ಇಲ್ಲವೆಂಬ ಆ ಆಣೆಯ ಜೊತೆಗೇ ಅವರ ಬಾಯಿಂದ ಶೈಲಾಳ ಬಿಳಿ ಕೋಟಿನ ಮೇಲೆ ಕೆಂಪು ಹನಿಗಳು ಬಿದ್ದವು.

ಅವಳಿಗೆ ಮದುವೆಗೆ ಹೋಗೆಂದೆ. ನಾಳೆ ಟ್ಯೂಬು ತುಂಬುವವನು ನಾನು. ಕಾಶಿಯಲ್ಲಿ ಹದಿನೇಳು ವರ್ಷ ಪಾಠ ಹೇಳಿಯೂ ನನ್ನಂಥ ಇನ್ನೊಬ್ಬ ತಯಾರಾಗಲಿಲ್ಲ. ತಿವಾರೀಜಿ ಮಾತ್ರ ಒಂದೇ ಮಾತಿಗೆ ಕೋಟಿಯಾದರು.