ತಳಕ್ಕೆ ಬಿದ್ದ ಮುಳ್ಳು

ಇದನ್ನು ಹೇಳುವುದನ್ನು ಹತ್ತು ವರ್ಷ ಮುಂದೂಡಿದೆ. ಮುಳ್ಳೇರಿಯದಿಂದ ಗೇರುಬೀಜ ತುಂಬಿಕೊಂಡು ಹೊರಟ ನನ್ನ ಪಿಕಪ್ಪು ಕಾರಡ್ಕದ ಏರಿನಲ್ಲಿ ನಿಂತುಬಿಟ್ಟಿತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಯಾವಾಗಲೂ ಅರ್ಧದ ಹತ್ತಿರ ಇರುತ್ತಿತ್ತು. ಅಂದು ಮೇಲೇರಿ, ಒಮ್ಮೆಲೇ ತಳಕ್ಕೆ ಬಿದ್ದಿತ್ತು.

"ತಣ್ಣಗಾಯಿತಲ್ಲ ಮಾರಾಯ, ರೇಡಿಯೇಟರಿನ ಮುಚ್ಚಳ ತೆಗೆದು ನೀರು ಹಾಕು," ಎಂದೆ ಡ್ರೈವರನಿಗೆ.

"ತಣ್ಣಗಾದದ್ದಲ್ಲ ಅಣ್ಣೇರೆ. ಒಳಗಿನ ನೀರು ಕಡಿಮೆಯಾದರೆ ಮುಳ್ಳಿಗೆ ಬಿಸಿ ಗೊತ್ತಾಗುವುದಿಲ್ಲ. ಅರ್ಧ ಗಂಟೆ ನಿಲ್ಲುವ," ಎಂದ ಅವನು.

"ಇಷ್ಟು ಹೆದರುವವನಿಗೆ ಸ್ಟೇರಿಂಗ್ ಎಂತಕ್ಕೆ?"

ಅವನು ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿದ. ಕುದಿಯುವ ನೀರು ಭುಸ್ಸೆಂದು ಎದ್ದು ಅವನ ಮುಖಕ್ಕೆ ಹೊಡೆಯಿತು. ಕೂಗುತ್ತಿದ್ದವನನ್ನು ದಾರಿಯಲ್ಲಿ ಬಂದ ಜೀಪಿಗೆ ಹತ್ತಿಸಿದೆ.

ಕಾಸರಗೋಡಿನ ಆಸ್ಪತ್ರೆಯಲ್ಲಿ ಅವನ ಹೆಂಡತಿ ಕೇಳಿದಾಗ, "ಬೇಡ ಬೇಡ ಅಂದರೂ ಅವನೇ ತೆಗೆದ" ಎಂದುಬಿಟ್ಟೆ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದವನು ಅದನ್ನು ಕೇಳಿಸಿಕೊಂಡ. ಅಲ್ಲ ಎನ್ನಲಿಲ್ಲ.

ಅವನ ಒಂದು ಕಣ್ಣು ಮತ್ತೆ ಬರಲಿಲ್ಲ, ಸ್ಟೇರಿಂಗ್ ಹಿಡಿಯುವುದೂ ಅಲ್ಲಿಗೇ ಮುಗಿಯಿತು. ಪೇಟೆಯಲ್ಲಿ ಎದುರಾದರೆ ಈಗಲೂ "ಅಣ್ಣೇರೆ" ಎಂದೇ ಕರೆಯುತ್ತಾನೆ. ತಪ್ಪಾಯಿತು ಎಂದು ನಾನು ಇನ್ನೂ ಹೇಳದ ಆ ಮನುಷ್ಯನ ಹೆಸರು ಹಮೀದ್.