ಮರದ ಹೊಟ್ಟೆಯಲ್ಲಿ ವನದ ತಲೆ

ನಮ್ಮಕ್ಕ ಪದಬಂಧ ಬಿಡಿಸಲು ಕಲಿತದ್ದು ನೆಲದ ಮೇಲೆ. ಅಪ್ಪ ಶಹಾಬಾದದಲ್ಲಿ ಹಾಸುಗಲ್ಲಿಗೆ ಪಾಲಿಶ್ ಹಿಡಿಸುವ ಕೆಲಸದಲ್ಲಿದ್ದ. ಹಾಗಾಗಿ ನಮ್ಮ ಮನೆಯಲ್ಲಿ ಏನಿಲ್ಲದಿದ್ದರೂ ನೆಲ ಮಾತ್ರ ಮುಖ ಕಾಣುವಷ್ಟು ನುಣುಪು. ಪಕ್ಕದ ಮನೆಯ ಮಾಸ್ತರರು ಒಂದು ವಾರಪತ್ರಿಕೆ ತರಿಸುತ್ತಿದ್ದರು. ಓದಿ ಮುಗಿದ ಮೇಲೆ ನಮಗೂ ಕೊಡುತ್ತಿದ್ದರು, ಆದರೆ ಅದರ ಮೇಲೆ ಗೆರೆ ಬಿದ್ದರೆ ಅವರಿಗೆ ಸೇರುತ್ತಿರಲಿಲ್ಲ. ಅದಕ್ಕೇ ಅಕ್ಕ ಪದಬಂಧದ ಚೌಕಗಳನ್ನೆಲ್ಲ ಸುಣ್ಣದ ಕಡ್ಡಿಯಿಂದ ನೆಲಕ್ಕೆ ಇಳಿಸುತ್ತಿದ್ದಳು. ಕಪ್ಪು ಮನೆಗಳಿಗೆ ಒಲೆಯ ಇದ್ದಲು. ತಪ್ಪಾದರೆ ಒದ್ದೆ ಅರಿವೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ, “ನಾಳಿ ನಿನ್ನತ್ತಿ ಮನ್ಯಾಗೂ ಹಿಂಗೇ ಗೀಚು, ಬಡಿಗಿ ತಗೋತಾಳ” ಎನ್ನುತ್ತಿದ್ದಳು.

ಅಕ್ಕ ಏಳನೆಯ ಇಯತ್ತೆ ಮುಗಿಸಿದ್ದಳು. ನಾನು ಐದಕ್ಕೇ ಶಾಲೆ ಬಿಟ್ಟವನು. ಆದರೂ ಪ್ರತಿಯೊಂದು ಸುಳಿವನ್ನೂ ನನಗೆ ಓದಿ ಹೇಳುತ್ತಿದ್ದಳು. ಒಮ್ಮೆ, “ಹಿಂದಕ್ಕೆ ಹರಿದ ಹೊಳೆಗೆ ಬೆಳಗೂ ಉಂಟು, ಸಂಜೆಯೂ ಉಂಟು, ಎರಡಕ್ಷರ” ಎಂದಳು.

“ದಿನ” ಅಂದೆ.

“ಹ್ಯಾಂಗ?”

“ಬೆಳಗು, ಸಂಜಿ ದಿನಕ್ಕೇ ಇರ್ತಾವಲ್ಲ.”

“ಅದು ಅರ್ಧ ಆಯ್ತು. ಹೊಳಿ ಎಲ್ಲಿ ಬಿಟ್ಟಿ?”

ಹೊಳೆ ಎಂದರೆ ನದಿ, ಅದನ್ನು ಹಿಂದಿನಿಂದ ಓದು ಎಂದು ತೋರಿಸಿದಳು. ನನ್ನ ಬಾಯಿಂದ ಅದನ್ನೇ ಇನ್ನೊಮ್ಮೆ ಹೇಳಿಸಿ, ಆಮೇಲೆಯೇ ಕಡ್ಡಿ ನೆಲಕ್ಕೆ ಹಚ್ಚಿದಳು. ಅವಳದೊಂದು ಕಟ್ಟಳೆಯಿತ್ತು. ಉತ್ತರ ಸರಿಯಿದ್ದರೂ, ಬಿಡಿಸಿ ಹೇಳಲು ಬಾರದಿದ್ದರೆ ಮನೆ ತುಂಬುವಂತಿಲ್ಲ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಹೊಸದರಲ್ಲಿ ಅವಳನ್ನು ಚಿಮ್ಮನಚೋಡಕ್ಕೆ ಕೊಟ್ಟೆವು. ಒಕ್ಕಲುತನದ ಮನೆ, ಉಣ್ಣಲು ಉಡಲು ಕೊರತೆಯಿಲ್ಲ. ಆದರೆ ಅಲ್ಲಿಗೆ ಪತ್ರಿಕೆ ಎಂಬುದು ಬರುತ್ತಿರಲಿಲ್ಲ. ನಾನು ಅಷ್ಟೊತ್ತಿಗೆ ವಾಡಿ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಕೆಲಸಕ್ಕಿದ್ದೆ. ಮಾಲಕರು ಗಿರಾಕಿಗಳಿಗೆಂದು ಅದೇ ವಾರಪತ್ರಿಕೆ ತರಿಸುತ್ತಿದ್ದರು. ಹೊಸದು ಬಂದ ದಿನ ಹಳೆಯದು ನನ್ನದು. ಅದನ್ನು ಸುತ್ತಿ, ದಾರ ಕಟ್ಟಿ, ಚಿಂಚೋಳಿ ಬಸ್ಸಿನ ಕಂಡಕ್ಟರರ ಕೈಗೆ ಕೊಡುತ್ತಿದ್ದೆ. ಅವರು ಚಿಂಚೋಳಿಯ ಮಗ್ಗುಲಿನ ಚಂದಾಪುರದ ಒಂದು ಅರಿವೆ ಅಂಗಡಿಗೆ ಮುಟ್ಟಿಸುವರು. ಸಂತೆಗೆ ಬಂದ ಭಾವ ಮನೆಗೆ ಒಯ್ಯುವರು. ವಾರವಿಡೀ ಎಮ್ಮೆ, ಹೊಲ, ಒಲೆ ಎಂದು ತಿರುಗುವ ಅಕ್ಕನಿಗೆ ಅದೊಂದೇ ತನ್ನದು ಅನ್ನುವಂಥದ್ದು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಹಳೆಯ ಸಂಚಿಕೆ ನನ್ನ ಕೈಗೆ ಬರುವ ಹೊತ್ತಿಗೆ ಅದರ ಪದಬಂಧದ ಉತ್ತರ ಹೊಸ ಸಂಚಿಕೆಯಲ್ಲಿ ಅಚ್ಚಾಗಿ ಬಂದಿರುತ್ತಿತ್ತು. ಮೊದಲ ಸಲ ಒಂದೆರಡು ಮನೆ ತುಂಬಿದೆ. ತಮ್ಮನೂ ಕಲಿತ ಎಂದು ಅಕ್ಕ ಹಿಗ್ಗಲಿ ಎಂಬ ಆಸೆ. ಮುಂದಿನ ವಾರ ಅರ್ಧ. ಆಮೇಲೆ ಗಲ್ಲಾದ ಮೇಲಿನ ಪೆನ್ನು ತೆಗೆದುಕೊಂಡು ಒಂದೂ ಮನೆ ಬಿಡದಂತೆ ತುಂಬಿ ಕಳಿಸತೊಡಗಿದೆ. ತಮ್ಮ ಭಾಳ ಹುಷಾರ ಎಂದು ಅವಳು ಮನೆಯಲ್ಲೆಲ್ಲ ಹೇಳಿಕೊಂಡಿದ್ದಾಳೆಂದು ಭಾವ ತಿಳಿಸಿದಾಗ ನನ್ನ ಕೈ ನಿಲ್ಲಲೇ ಇಲ್ಲ.

ಆ ವರ್ಷ ಎಳ್ಳಮಾವಾಸ್ಯೆಗೆ ಚಿಮ್ಮನಚೋಡಕ್ಕೆ ಹೋದೆ. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ ಉಂಡು ಎಲ್ಲರೂ ಬೇವಿನ ಗಿಡದ ಕೆಳಗೆ ಕುಳಿತಿದ್ದೆವು. ಅಕ್ಕನ ಮಾವ ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದರು. ನಾನೇ ತುಂಬಿ ಕಳಿಸಿದ್ದು.

“ಬಾರಪ್ಪಾ ಪಂಡಿತ, ಇದೊಂದು ನನಗ ತಿಳಿವಲ್ದು” ಎಂದು ಓದಿದರು: “ವನದ ತಲೆಯನ್ನು ಮರದ ಹೊಟ್ಟೆಯಲ್ಲಿಟ್ಟರೆ ಹೆಣ್ಣು ನೆನೆಯುವ ಮನೆ. ಮೂರಕ್ಷರ. ನೀ ತವರು ಅಂತ ಬರದೀದಿ. ಹೆಣ್ಮಕ್ಕಳು ನೆನಸೋದು ತವರೇ, ಅದು ಖರೇ. ಮರ ಎಲ್ಲದ ಇದರಾಗ?”

ತಲೆಯೆತ್ತಿದರೆ ಕಂಡದ್ದು ಬೇವು. “ಬೇವಿಂದೇ ಇರಬೇಕ್ರಿ” ಎಂದುಬಿಟ್ಟೆ.

ಭಾವ ಕಿಸಕ್ಕನೆ ನಕ್ಕರು. ಅಕ್ಕ ಬುತ್ತಿ ಕಟ್ಟುತ್ತಿದ್ದವಳು ತಲೆ ಎತ್ತದೆಯೇ ಹೇಳಿದಳು: “ಚಾಷ್ಟಿ ಮಾಡ್ಲಿಕತ್ತಾನ್ರಿ ಮಾವಾ. ಪುಸ್ತಕದಾಗ ಗಿಡಕ್ಕ ತರು ಅಂತಾರ. ವನದ ತಲಿ ಅಂದ್ರ ವ. ತ ಮತ್ತ ರು ನಡುವ ಅದನ್ನ ಇಟ್ರ ತವರು. ಹಿಂದ ಬಂದಾಗ ಇವನೇ ನನಗ ಬಿಡಿಸಿ ಹೇಳಿದ್ದ.”

ನಾನು ಹಿಂದೆ ಬಂದಾಗ ಆ ಸಂಚಿಕೆ ಅಚ್ಚೇ ಆಗಿರಲಿಲ್ಲ. ಮಾವನಿಗೆ ಅದೆಲ್ಲಿ ಹೊಳೆಯಬೇಕು? “ಐದನೇತ್ತಾ ಕಲ್ತವ ಅಂದ್ರ ಯಾರು ನಂಬ್ತಾರ ಇವನ್ನ” ಎಂದು ನನ್ನ ಬೆನ್ನು ತಟ್ಟಿದರು. ನಾನು ಇಲ್ಲ ಎನ್ನಲಿಲ್ಲ. ನಕ್ಕೆ.

ಬಸ್ಸಿಗೆ ಕಳಿಸಲು ಅಕ್ಕ ಊರ ಮುಂದಿನವರೆಗೆ ಬಂದಳು. ರೊಟ್ಟಿ ಗಂಟು ಕೈಗಿಟ್ಟು, “ಇನ್ನ ಮ್ಯಾಲ ಮನಿ ಖಾಲಿ ಬಿಟ್ಟು ಕಳಸು ತಮ್ಮಾ. ತುಂಬಿದ್ದು ಬಂದ್ರ ನನಗ ಕೆಲಸ ಉಳಿಯಂಗಿಲ್ಲ” ಎಂದಳು. ಅಷ್ಟೇ. ಸಿಟ್ಟಿನ ಒಂದು ಅಕ್ಷರವಿಲ್ಲ.

ಖಾಲಿ ಬಿಟ್ಟು ಕಳಿಸಿದ್ದರೆ ಮುಗಿದುಹೋಗುತ್ತಿತ್ತು. ಕಳಿಸಲಿಲ್ಲ. ಮೊದಲ ವಾರ ಬಸ್ಸು ತಪ್ಪಿತು ಎಂದುಕೊಂಡೆ. ಆಮೇಲೆ ಆ ಸುಳ್ಳೂ ಬೇಕಾಗಲಿಲ್ಲ. ನನ್ನ ಬಂಡವಾಳ ಅವಳಿಗೆ ತಿಳಿದಿದೆ ಎಂಬುದನ್ನೇ ತಾಳಲಾಗಲಿಲ್ಲ. ಮಾಲಕರು ಪತ್ರಿಕೆ ನಿಲ್ಲಿಸಿದರೆಂದು ಭಾವನಿಗೆ ಹೇಳಿದೆ. ಹಳೆಯ ಸಂಚಿಕೆಗಳ ಹಾಳೆ ಹರಿದು ಗಿರಾಕಿಗಳಿಗೆ ಮಿರ್ಚಿ ಭಜಿ ಕಟ್ಟಿಕೊಟ್ಟೆ. ಪದಬಂಧದ ಖಾಲಿ ಮನೆಗಳಿಗೆ ಎಣ್ಣೆ ಇಳಿಯುವುದನ್ನು ನೋಡುತ್ತಲೇ ಕಟ್ಟಿಕೊಟ್ಟೆ. ಅರಿವೆ ಅಂಗಡಿಯವರನ್ನು ಅಕ್ಕ ಎಷ್ಟೋ ದಿನ ವಿಚಾರಿಸಿದಳಂತೆ. ನನ್ನನ್ನು ಕೇಳಲಿಲ್ಲ. ಹೀಗೇ ವರ್ಷಗಳು ಹೋದವು.

ಅವಳ ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೆ, ತೊಗರಿ ರಾಶಿಯ ದಿನಗಳಲ್ಲಿ ಒಮ್ಮೆ ಹೋದೆ. ಬಟ್ಟೆ ಒಗೆಯಲೆಂದು ಅಪ್ಪ ಹಿಂದೆ ಬಸ್ಸಿನ ಮೇಲೆ ಹಾಕಿ ಕಳಿಸಿದ್ದ ಶಹಾಬಾದ ಕಲ್ಲು ಹಿತ್ತಲಲ್ಲಿತ್ತು. ಅದರ ಮೇಲೆ ಸುಣ್ಣದ ಚೌಕಗಳು, ಇದ್ದಲಿನ ಕಪ್ಪು ಮನೆಗಳು. ಪತ್ರಿಕೆ ಇಲ್ಲದೆ ಅಕ್ಕ ತಾನೇ ಸುಳಿವು ಹೊಸೆದು ಮಗಳಿಂದ ಬಿಡಿಸುತ್ತಿದ್ದಳು. ನನ್ನನ್ನು ಕಂಡು, “ಬಾ, ನಿನಗೂ ಒಂದು” ಎಂದಳು. “ಹೊಲದಾಗಿನ ಬೆಳಿ ತಲಿ ಕೊಯ್ದರ ಹಕ್ಕಿ ಮೈಮ್ಯಾಲ ಇರ್ತದ. ಎರಡು ಮನಿ.”

ಜೋಳ ಎಂದುಕೊಂಡೆ, ಸಜ್ಜೆ ಎಂದುಕೊಂಡೆ. ಯಾವುದರ ತಲೆ ಕೊಯ್ದರೂ ಹಕ್ಕಿ ಬರಲಿಲ್ಲ. ಅಕ್ಕ ಕಡ್ಡಿ ಹಿಡಿದು ಕಾದಳು.

“ನನಗ ತಿಳಿಲಿಲ್ಲಕ್ಕಾ” ಎಂದೆ. “ಆವಾಗೂ ತಿಳಿದಿರಲಿಲ್ಲ. ಹೊಸಾದ್ರಾಗಿನ ಉತ್ತರ ನೋಡಿ ಬರೀತಿದ್ದೆ. ಮಾಲಕರು ನಿಲ್ಲಿಸಿಲ್ಲ, ನಾನೇ ನಿಲ್ಲಿಸೀನಿ.”

ಮಗಳು ನಮ್ಮಿಬ್ಬರ ಮುಖ ನೋಡಿದಳು. ಅಕ್ಕ ಅಂಗಳದ ತೊಗರಿ ರಾಶಿಯ ಕಡೆ ಗದ್ದ ಚಾಚಿ, “ಅದರ ಮುಂದೇ ಹಾದು ಬಂದೀದಿ, ಕುರುಡ. ತೊಗರ್ಯಾಗಿನ ತೊ ತೆಗಿ” ಎಂದಳು.

“ಗರಿ.”

“ಹ್ಯಾಂಗ?”

ಬಿಡಿಸಿ ಹೇಳಿದೆ. ಬೆಳೆ, ತಲೆ, ಹಕ್ಕಿ ಒಂದನ್ನೂ ಬಿಡದೆ ಹೇಳಿದೆ. ಆಮೇಲೆ ಅವಳು ಕಡ್ಡಿಯನ್ನು ನನ್ನ ಕೈಗೆ ಕೊಟ್ಟಳು.